ಪತ್ರಿಕೋದ್ಯಮದ ವಿದ್ಯಾರ್ಥಿಗೆ ಅಂಕ ಕೊಡುವವರು ಯಾರು?

(ಅತ್ತಾವರದಲ್ಲಿ ಪತ್ರಿಕೋದ್ಯಮದ ವಿದ್ಯಾರ್ಥಿಗಳೂ ಘಟ್ಟದ ತಪ್ಪಲಿನ ಗ್ರಾಮಸ್ಥರೂ ಸೇರಿದ್ದ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಸುಳ್ಯ, ಕಡಬ, ಬೆಳ್ತಂಗಡಿಗಳ ಕಡೆಯಿಂದ ಬಂದವರಿಗೆ ಅತ್ತಾವರ ಎಂದೊಡನೆ ನೆನಪಾಗುವುದು ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ಆಸ್ಪತ್ರೆ. ಅಲ್ಲಿ ಎಂ.ಬಿ.ಬಿ.ಎಸ್. ಮುಗಿಸಿದ ವಿದ್ಯಾರ್ಥಿಯು ಬರಹದ ಪರೀಕ್ಷೆಗಳಲ್ಲಿ ಎಷ್ಟೇ ಅಂಕ ಗಳಿಸಿರಲಿ, 12 ತಿಂಗಳ ಕಡ್ಡಾಯ ಇಂಟರ್ನ್‌ಶಿಪ್ ಪೂರೈಸದೆ ಸ್ವತಂತ್ರವಾಗಿ ವೈದ್ಯವೃತ್ತಿ ನಡೆಸುವಂತಿಲ್ಲ. ಆ 12 ತಿಂಗಳು ರೋಗಿ ಎದುರಿಗೇ ಇರುತ್ತಾನೆ, ಹಿರಿಯ ವೈದ್ಯರು ಮಂಚದ ಪಕ್ಕದಲ್ಲೇ ನಿಂತಿರುತ್ತಾರೆ. ಮದ್ದಿನ ಪ್ರಮಾಣವನ್ನು ತಪ್ಪಾಗಿ ಬರೆದರೆ ದಾದಿಯೇ ಅಂದೇ ಪ್ರಶ್ನಿಸುತ್ತಾಳೆ.

ಇದೇ ನಗರದ ಹಾಸ್ಟೆಲುಗಳಲ್ಲಿ ಪತ್ರಿಕೋದ್ಯಮವನ್ನು ಕಲಿಯುವ ಮಕ್ಕಳೂ ಇದ್ದಾರೆ. ಇವರಿಗೂ ಇಂಟರ್ನ್‌ಶಿಪ್ ಇದೆ. ವಿಶ್ವವಿದ್ಯಾಲಯ ಅನುದಾನ ಆಯೋಗವು ಪದವಿ ವಿದ್ಯಾರ್ಥಿಗಳಿಗಾಗಿ 2024ರಲ್ಲಿ ಹೊರತಂದ ಮಾರ್ಗಸೂಚಿಯ ಲೆಕ್ಕದಲ್ಲಿ ಒಂದು ಕ್ರೆಡಿಟ್ ಎಂದರೆ 30 ಗಂಟೆಗಳ ಕೆಲಸ. ನಾಲ್ಕು ಕ್ರೆಡಿಟ್ಟಿನ ಇಂಟರ್ನ್‌ಶಿಪ್ 120 ಗಂಟೆಗಳಿಗೆ, ಎಂದರೆ ಮೂರು ವಾರಗಳಿಗೆ ಮುಗಿಯುತ್ತದೆ. ವೈದ್ಯನ 12 ತಿಂಗಳಿಗೂ ವರದಿಗಾರನ ಮೂರು ವಾರಕ್ಕೂ ಇರುವ ಅಂತರ ದೊಡ್ಡದು ನಿಜ. ಆದರೆ ಅದಕ್ಕಿಂತ ದೊಡ್ಡ ಅಂತರ ಇನ್ನೊಂದಿದೆ. ವಿದ್ಯಾರ್ಥಿಯು ಯಾರ ಕುರಿತು ಬರೆದನೋ ಆ ವ್ಯಕ್ತಿ 80 ಕಿ.ಮೀ. ದೂರದ ಗುಡ್ಡದ ಮೇಲಿದ್ದಾನೆ. ವರದಿ ತಪ್ಪಾಗಿದ್ದರೆ ಅದು ಅವನಿಗೆ ತಿಳಿಯುತ್ತದೆ, ಅಂಕ ಕೊಡುವವರಿಗೆ ತಿಳಿಯುವುದಿಲ್ಲ.

ಈಗ ಅಂಕ ಬೀಳುವ ಕ್ರಮವನ್ನು ಬಲ್ಲವರು ಬಲ್ಲರು. ಪತ್ರಿಕಾ ಕಚೇರಿಯಿಂದ ಹಾಜರಾತಿಯ ಪ್ರಮಾಣಪತ್ರವೊಂದು ಬರುತ್ತದೆ. ಅದರಲ್ಲಿ ನಡತೆ ತೃಪ್ತಿಕರ ಎಂದಿರುತ್ತದೆ. ಪ್ರಕಟವಾದ ತುಣುಕುಗಳನ್ನು ಕತ್ತರಿಸಿ ಅಂಟಿಸಿ, ಮೇಲೊಂದು ಅರ್ಪಣೆ, ಕೆಳಗೊಂದು ಕೃತಜ್ಞತೆ ಸೇರಿಸಿ ಬೈಂಡ್ ಮಾಡಿಸಿದ ಕಡತಕ್ಕೆ ಪೋರ್ಟ್‌ಫೋಲಿಯೊ ಎಂಬ ಹೆಸರು. ಬಳಿಕ ಹತ್ತು ನಿಮಿಷಗಳ ಮೌಖಿಕ ಪರೀಕ್ಷೆ. ಕಡತ ದಪ್ಪವಾಗಿದ್ದಷ್ಟೂ ಪರೀಕ್ಷಕರ ಮುಖ ಅರಳುತ್ತದೆ. ಆದರೆ ಒಳಗಿರುವುದೇನು? ಉದ್ಘಾಟನೆ, ಸನ್ಮಾನ, ಪ್ರತಿಭಾ ಪುರಸ್ಕಾರ, ಮತ್ತು ಇಲಾಖೆಗಳು ಕಳುಹಿಸಿದ ಪತ್ರಿಕಾ ಪ್ರಕಟಣೆಗಳ ಮರುಬರಹ. ಇದಕ್ಕೆ ಅಧ್ಯಾಪಕರನ್ನು ಮಾತ್ರ ದೂರುವುದು ನ್ಯಾಯವಲ್ಲ. ಇಡೀ ತರಗತಿಯ ಕಡತಗಳನ್ನು ಒಂದು ವಾರದಲ್ಲಿ ನೋಡಿ ಮುಗಿಸಬೇಕಾದವರು ಎಣಿಸಬಹುದಾದುದನ್ನೇ ಎಣಿಸುತ್ತಾರೆ.

ಅತ್ತಾವರದಿಂದ ಬಲ್ಮಠದ ಗುಡ್ಡಕ್ಕೆ ಹೆಚ್ಚು ದೂರವಿಲ್ಲ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು ಹೆರ್ಮನ್ ಮೋಗ್ಲಿಂಗರು 1843ರ ಜುಲೈ 1ರಂದು ಹೊರತಂದದ್ದು ಬಾಸೆಲ್ ಮಿಷನ್ನಿನ ಕಲ್ಲಚ್ಚಿನಿಂದ. ಪಾಕ್ಷಿಕವಾಗಿದ್ದ ಆ ನಾಲ್ಕು ಪುಟಗಳ ಪತ್ರಿಕೆಯನ್ನು ಓದುವವರು ಅದರಲ್ಲಿ ಬರುವ ಊರಿನವರೇ. ಸುದ್ದಿ ತಪ್ಪಿದರೆ ಬೀದಿಯಲ್ಲೇ ಕೇಳುವವರಿದ್ದರು. ಅಮೆರಿಕದ ಮಿಸೌರಿಯಲ್ಲಿ 1908ರಲ್ಲಿ ಪತ್ರಿಕೋದ್ಯಮ ಶಾಲೆ ಆರಂಭವಾದಾಗ ಅದರ ಸ್ಥಾಪಕ ವಾಲ್ಟರ್ ವಿಲಿಯಮ್ಸ್ ಈ ಸೂಕ್ಷ್ಮವನ್ನು ಅರಿತಿದ್ದರು. ಶಾಲೆ ತೆರೆದ ದಿನವೇ ಊರಿಗೊಂದು ಪತ್ರಿಕೆಯೂ ಹೊರಟಿತು. ವಿದ್ಯಾರ್ಥಿಗಳೇ ಅದರ ವರದಿಗಾರರು, ಊರಿನವರೇ ಓದುಗರು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ನಾಡಿಗ ಕೃಷ್ಣಮೂರ್ತಿಯವರು 1951ರಲ್ಲಿ ಪತ್ರಿಕೋದ್ಯಮ ಶಿಕ್ಷಣಕ್ಕೆ ಬುನಾದಿ ಹಾಕಿದ ಮೇಲೆ ಕನ್ನಡನಾಡಿನಲ್ಲೂ ಈ ವಿದ್ಯೆ ಕಾಲೇಜುಗಳಿಗೆ ಹರಡಿತು. ಹರಡುತ್ತ ಹೋದಂತೆ ಊರು ಪರೀಕ್ಷೆಯಿಂದ ಹೊರಗುಳಿಯಿತು.

ಊರು ಹೊರಗುಳಿದರೆ ಆಗುವ ನಷ್ಟವೇನು ಎಂಬುದಕ್ಕೆ ಅಡಿಕೆ ತೋಟದಿಂದಲೇ ಆರಂಭಿಸಬಹುದು. ಕೊಳೆರೋಗ, ಹಳದಿ ಎಲೆ ರೋಗ, ಎಲೆಚುಕ್ಕಿ ರೋಗ ಇವು ಮೂರು ಬೇರೆ ಬೇರೆ. ಮಳೆಗಾಲದಲ್ಲಿ ಕಾಯಿಗಳನ್ನು ಉದುರಿಸುವ ಕೊಳೆರೋಗಕ್ಕೆ ಫೈಟಾಫ್ತೊರ ಎಂಬ ಸೂಕ್ಷ್ಮಜೀವಿ ಕಾರಣ. ಸಂಪಾಜೆ, ಅರಂತೋಡಿನ ತೋಟಗಳನ್ನು ಬರಿದು ಮಾಡಿದ ಹಳದಿ ಎಲೆ ರೋಗಕ್ಕೆ ಫೈಟೊಪ್ಲಾಸ್ಮ ಕಾರಣ. ಅದನ್ನು ಸಿಂಪಡಿಸಿ ಗುಣಪಡಿಸುವ ಮದ್ದು ಇಲ್ಲ. ಇತ್ತೀಚಿನ ವರ್ಷಗಳಲ್ಲಿ ಮಲೆನಾಡನ್ನು ಕಂಗೆಡಿಸಿರುವ ಎಲೆಚುಕ್ಕಿ ಶಿಲೀಂಧ್ರದಿಂದ ಬರುವಂಥದು. ಮೂರನ್ನೂ ಒಂದೇ ತಲೆಬರಹದಡಿ 'ಅಡಿಕೆಗೆ ರೋಗಬಾಧೆ' ಎಂದು ಬರೆದು, ಕೊನೆಯಲ್ಲಿ ಬೋರ್ಡೋ ಸಿಂಪಡಿಸುವಂತೆ ಸಲಹೆ ಸೇರಿಸಿದ ವರದಿಗೂ ಕಡತದಲ್ಲಿ ಒಂದು ಪುಟದ ಬೆಲೆ ಇದೆ. ಅದನ್ನು ನಂಬಿ ಹಳದಿ ಎಲೆಯ ತೋಟಕ್ಕೆ ಮದ್ದು ಬಿಡಿಸಿದವನಿಗೆ ಮೈಲುತುತ್ತಿನ ಹಣ, ಮರ ಹತ್ತುವವರ ಕೂಲಿ ಎರಡೂ ನೀರುಪಾಲು.

ಇದೇ ಬೋರ್ಡೋ ದ್ರಾವಣದಲ್ಲಿ ಒಳ್ಳೆಯ ವರದಿಯನ್ನು ಗುರುತಿಸುವ ದಾರಿಯೂ ಇದೆ. 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು ಎಂಬ ಲೆಕ್ಕವು ಯಾವ ಪ್ರಕಟಣೆಯಿಂದಲೂ ಸಿಗುತ್ತದೆ. ಆದರೆ ತೋಟದ ಬದಿಯಲ್ಲಿ ಒಂದು ಹಗಲು ನಿಂತ ವಿದ್ಯಾರ್ಥಿ ಇನ್ನೊಂದನ್ನು ಕಂಡಿರುತ್ತಾನೆ: ದ್ರಾವಣ ಸಿದ್ಧವಾದ ಮೇಲೆ ಬೆಳೆಗಾರನು ಶುಭ್ರವಾದ ಚೂರಿಯೊಂದನ್ನು ಅದರಲ್ಲಿ ಅದ್ದಿ ನೋಡುತ್ತಾನೆ. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದೆಂದು ಅರ್ಥ. ಇನ್ನಷ್ಟು ಸುಣ್ಣದ ತಿಳಿ ಸುರಿಯುತ್ತಾನೆ. ವಿದ್ಯಾರ್ಥಿಯ ಟಿಪ್ಪಣಿ ಪುಸ್ತಕದಲ್ಲಿ ಆ ಚೂರಿ ಇದೆಯೇ ಎಂದು ನೋಡಿದರೆ ಸಾಕು, ಅವನು ತೋಟಕ್ಕೆ ಹೋಗಿದ್ದನೋ ಇಲ್ಲವೋ ಎಂಬುದು ತಿಳಿಯುತ್ತದೆ. ಕಡತದಲ್ಲಿ ಟಿಪ್ಪಣಿ ಪುಸ್ತಕಕ್ಕೇ ಜಾಗವಿಲ್ಲ ಎನ್ನುವುದು ಸದ್ಯದ ಕೊರತೆ.

ಪದಗಳ ವಿಚಾರದಲ್ಲಿ ಅಪಾಯ ಇನ್ನೂ ಹೆಚ್ಚು. ವಿದ್ಯಾರ್ಥಿ ಕೇಳುವುದು ತುಳುವಿನಲ್ಲಿ, ಸುಳ್ಯದ ಕಡೆ ಅರೆಭಾಷೆಯಲ್ಲಿ, ಕೆಲವೆಡೆ ಬ್ಯಾರಿ ಭಾಷೆಯಲ್ಲಿ. ಬರೆಯುವುದು ಪತ್ರಿಕೆಯ ಕನ್ನಡದಲ್ಲಿ. ನಡುವೆ ಏನು ಉದುರಿತು ಎಂಬುದನ್ನು ಪರೀಕ್ಷಿಸುವವರಿಲ್ಲ. 'ಕುಮ್ಕಿ' ಎಂಬ ಒಂದೇ ಪದವನ್ನು ತೆಗೆದುಕೊಳ್ಳಿ. ವರ್ಗ ಜಮೀನಿಗೆ ತಾಗಿದ, 100 ಗಜದೊಳಗಿನ ಸರಕಾರಿ ಭೂಮಿ ಅದು. ಸೊಪ್ಪು, ಹುಲ್ಲು, ದರಗು ತರಲು ಕೃಷಿಕನಿಗೆ ತಲೆಮಾರುಗಳಿಂದ ಬಂದ ಸವಲತ್ತು ಅಲ್ಲಿದೆ. ನಗರದ ಡೆಸ್ಕಿನಲ್ಲಿ ಅದು 'ಸರಕಾರಿ ಜಾಗದ ಒತ್ತುವರಿ' ಎಂದಾಗಿಬಿಟ್ಟರೆ, ಹಟ್ಟಿಗೆ ಸೊಪ್ಪು ತಂದವನು ಮರುದಿನ ಬೆಳಗ್ಗೆ ಅಕ್ರಮಿ. ಹಾಗೆಂದು ಕುಮ್ಕಿಯ ಹೆಸರಿನಲ್ಲಿ ಕಾಡು ಸವರಿ ರಬ್ಬರ್ ನೆಟ್ಟವರು ಇಲ್ಲವೆಂದೇನಲ್ಲ. ಇಬ್ಬರನ್ನೂ ಬೇರೆ ಬೇರೆಯಾಗಿ ಕಾಣಲು ವರದಿಗಾರನಿಗೆ ಆ ಪದ ಬೇಕು. ಪದ ಗೊತ್ತಿದ್ದ ವಿದ್ಯಾರ್ಥಿ ಗುಡ್ಡದ ಊರಿನವನೇ ಆಗಿರುತ್ತಾನೆ. ಮಂಗಳೂರಿನ ಕಚೇರಿಯಲ್ಲಿ ಕೂತ ಮೂರು ವಾರಗಳಲ್ಲಿ ಅವನು ಮೊದಲು ಕಲಿಯುವುದೇ ಅದನ್ನು ಬಿಡುವುದನ್ನು.

ಇನ್ನು ಕಸ್ತೂರಿರಂಗನ್ ವರದಿಯ ಪ್ರಸಂಗ. 2013ರ ಆ ವರದಿ ಕರ್ನಾಟಕದ 1,576 ಗ್ರಾಮಗಳನ್ನು ಸೂಕ್ಷ್ಮ ಪ್ರದೇಶವೆಂದು ಹೆಸರಿಸಿತು. ಅದರಲ್ಲಿ ನಿಷೇಧಕ್ಕೆ ಒಳಪಟ್ಟವು ಗಣಿಗಾರಿಕೆ, ಕಲ್ಲುಕೋರೆ, ಮರಳು ತೆಗೆಯುವಿಕೆ, ಉಷ್ಣ ವಿದ್ಯುತ್ ಸ್ಥಾವರ, ಕೆಂಪು ವರ್ಗದ ಕೈಗಾರಿಕೆ, 20,000 ಚದರ ಮೀಟರಿಗೂ ಮಿಗಿಲಾದ ಕಟ್ಟಡ ಇತ್ಯಾದಿ. ಊರೂರುಗಳಲ್ಲಿ ಹಬ್ಬಿದ ಮಾತೇ ಬೇರೆ: ಮನೆ ಕಟ್ಟುವಂತಿಲ್ಲ, ತೋಟಕ್ಕೆ ಗೊಬ್ಬರ ಹಾಕುವಂತಿಲ್ಲ, ಎಲ್ಲರನ್ನೂ ಒಕ್ಕಲೆಬ್ಬಿಸುತ್ತಾರೆ. ಪ್ರತಿಭಟನೆಯ ಭಾಷಣಗಳು ವರದಿಯಾದವು. ಮೂಲ ವರದಿಯನ್ನು ತೆರೆದು ಓದಿ, ಇಂಥ ಪುಟದಲ್ಲಿ ಹೀಗಿದೆ ಎಂದು ಹಳ್ಳಿಗೆ ತಿಳಿಸಿದ ಬರಹಗಳು ವಿರಳ. ಕೇಂದ್ರ ಸರಕಾರವು 2024ರ ಜುಲೈ 31ರಂದು ಕರ್ನಾಟಕದ 20,668 ಚ.ಕಿ.ಮೀ. ಒಳಗೊಂಡ ಕರಡು ಅಧಿಸೂಚನೆಯನ್ನು ಮತ್ತೆ ಹೊರಡಿಸಿತು, ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟ ಅದನ್ನು ತಿರಸ್ಕರಿಸಿತು. ಆಗಲೂ ಹಬ್ಬಿದ್ದು ಅದೇ ಹಳೆಯ ಭಯ. ರೈತರ ಆತಂಕದಲ್ಲಿ ನಿಜವಾದ ಅಂಶಗಳೂ ಇವೆ. ಅರಣ್ಯ ಇಲಾಖೆಯೊಡನೆ ಒಡನಾಡಿದವರಿಗೆ ಅದನ್ನು ವಿವರಿಸಬೇಕಾಗಿಲ್ಲ. ಆದರೆ ನಿಜವಾದ ಆತಂಕ ಯಾವುದು, ಸುಳ್ಳು ಯಾವುದು ಎಂದು ಬೇರ್ಪಡಿಸುವ ಕೆಲಸ ವರದಿಗಾರನದು. ಎತ್ತಿನಹೊಳೆಯ ವಿಷಯದಲ್ಲೂ ಅಷ್ಟೆ. 24.01 ಟಿ.ಎಂ.ಸಿ. ನೀರು ಎಂಬ ಅಂಕಿ ಪ್ರಕಟಣೆಯಿಂದ ಪ್ರಕಟಣೆಗೆ ನಡೆದು ಬಂತು. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಮತ್ತು ಸಂಗಡಿಗರು ಆ ಜಲಾನಯನದಲ್ಲಿ ಸಿಗುವುದು 9.55 ಟಿ.ಎಂ.ಸಿ. ಎಂದು ಅಂದಾಜಿಸಿದ್ದರು. 2024ರ ಸೆಪ್ಟೆಂಬರಿನಲ್ಲಿ ಮೊದಲ ಹಂತದ ಉದ್ಘಾಟನೆ ಆಯಿತು. ಅದನ್ನು ವರದಿ ಮಾಡಿದ ವಿದ್ಯಾರ್ಥಿಯನ್ನು ಕೇಳಬೇಕಾದ ಪ್ರಶ್ನೆ ಒಂದೇ: ಆ ಅಂಕಿ ಎಲ್ಲಿಂದ ಬಂತು?

ಮೂರು ವಾರದ ಲೆಕ್ಕಕ್ಕೆ ಎಂದೂ ಒಗ್ಗದ ಪತ್ರಿಕೋದ್ಯಮವೂ ಇದೆ. ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತಿಯ ಪಡ್ರೆ ಗ್ರಾಮ ಕನ್ನಡ, ತುಳುಗಳ ಊರು. ಅಲ್ಲಿಯ ಗೇರು ತೋಟಗಳ ಮೇಲೆ ಕೇರಳದ ಪ್ಲಾಂಟೇಶನ್ ಕಾರ್ಪೊರೇಶನ್ 1970ರ ದಶಕದಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿತು. ಅದೇ ಊರಿನವರಾದ ಶ್ರೀ ಪಡ್ರೆಯವರು ಅಂಗವಿಕಲ ಕರುಗಳು ಹುಟ್ಟುತ್ತಿರುವುದನ್ನು ಗಮನಿಸಿ 1980ರ ದಶಕದ ಆರಂಭದಲ್ಲೇ ಬರೆದರು. ಅಲ್ಲಿಯ ವೈದ್ಯರಾದ ಡಾ. ವೈ.ಎಸ್. ಮೋಹನ್ ಕುಮಾರ್ ತಮ್ಮಲ್ಲಿಗೆ ಬರುವ ರೋಗಿಗಳಲ್ಲಿ ಕಂಡ ಅಸಹಜತೆಗಳನ್ನು ದಾಖಲಿಸತೊಡಗಿದರು. ಪೆರಿಯದ ಲೀಲಾಕುಮಾರಿ ಅಮ್ಮ 1998ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿದರು. ಸರ್ವೋಚ್ಚ ನ್ಯಾಯಾಲಯವು ದೇಶದಾದ್ಯಂತ ತಡೆ ಹಾಕಿದ್ದು 2011ರ ಮೇ 13ರಂದು. ಮೊದಲ ಬರಹದಿಂದ ತಡೆಯಾಜ್ಞೆಗೆ ಸುಮಾರು 30 ವರ್ಷ. ಗಡಿಯ ಈಚೆ ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆಗಳಲ್ಲೂ ಅದೇ ವಿಷ, ಅದೇ ಮಕ್ಕಳು. ಈ ಬಗೆಯ ಕೆಲಸಕ್ಕೆ ಯಾವ ಸೆಮಿಸ್ಟರಿನಲ್ಲಿ ಅಂಕ? ಮೊದಲ ಹತ್ತು ವರ್ಷಗಳ ಟಿಪ್ಪಣಿಯನ್ನು ಈಗಿನ ಪರೀಕ್ಷಕರ ಮುಂದಿಟ್ಟಿದ್ದರೆ, ಪ್ರಕಟಿತ ತುಣುಕುಗಳು ಕಡಿಮೆ ಎಂದು ನಪಾಸು ಮಾಡುತ್ತಿದ್ದರೇನೋ.

ಮೂರು ವಾರದಲ್ಲಿ ಮತ್ತೊಬ್ಬ ಶ್ರೀ ಪಡ್ರೆಯನ್ನು ತಯಾರಿಸಬೇಕೆಂದು ಯಾರೂ ಕೇಳುತ್ತಿಲ್ಲ. ಕೇಳಬಹುದಾದುದು ಇಷ್ಟು: ಬರಹ ಹೇಗೆ ಆಯಿತೆಂಬ ಜಾಡನ್ನು ಪೋರ್ಟ್‌ಫೋಲಿಯೊ ತೋರಿಸಬೇಕು. 30 ತುಣುಕುಗಳ ಬದಲು ಐದು ವರದಿಗಳಿರಲಿ. ಪ್ರತಿಯೊಂದರ ಜೊತೆಗೆ ಟಿಪ್ಪಣಿ ಪುಸ್ತಕದ ಪುಟಗಳು, ಡೆಸ್ಕಿಗೆ ಕೊಡುವ ಮೊದಲಿನ ಪ್ರತಿ, ಭೇಟಿಯಾದವರ ಪಟ್ಟಿ, ಅವರಾಡಿದ ಭಾಷೆಯಲ್ಲೇ ಬರೆದುಕೊಂಡ ಮಾತು, ಮಾಹಿತಿ ಹಕ್ಕಿನಡಿ ಪಡೆದ ಕಾಗದವಿದ್ದರೆ ಅದು, ಮತ್ತು ಬರೆಯದೆ ಬಿಟ್ಟದ್ದರ ಕಾರಣ. ಕಚ್ಚಾ ಪ್ರತಿಯನ್ನೂ ಅಚ್ಚಾದ ಪ್ರತಿಯನ್ನೂ ಅಕ್ಕಪಕ್ಕದಲ್ಲಿಟ್ಟರೆ ಉಪಸಂಪಾದಕರು ತಿದ್ದಿದ್ದೇನು, ಕೆಡಿಸಿದ್ದೇನು ಎರಡೂ ಕಾಣುತ್ತವೆ. 2022ರ ಕೊನೆಯಿಂದೀಚೆಗೆ ಇದಕ್ಕೆ ಹೊಸ ಕಾರಣವೂ ಸೇರಿಕೊಂಡಿದೆ. ಸಭಾ ವರದಿಯನ್ನು ಯಂತ್ರವೇ ನಿಮಿಷಾರ್ಧದಲ್ಲಿ ತಪ್ಪಿಲ್ಲದ ವ್ಯಾಕರಣದಲ್ಲಿ ಬರೆದುಕೊಡುವ ಕಾಲದಲ್ಲಿ ಅಚ್ಚಾದ ತುಣುಕು ವಿದ್ಯಾರ್ಥಿಯದೇ ಎಂಬುದಕ್ಕೆ ಸಾಕ್ಷಿಯಾಗಲಾರದು. ಕೆಸರು ಮೆತ್ತಿದ ಟಿಪ್ಪಣಿ ಪುಸ್ತಕ ಆಗಬಲ್ಲದು.

ಎರಡನೆಯದು, ಊರಿನವರ ಮಾತಿಗೂ ಅಂಕದ ಒಂದು ಪಾಲು ಸಲ್ಲಬೇಕು. ಕೃಷಿ ಪದವಿಯ ಕೊನೆಯ ವರ್ಷದಲ್ಲಿ ವಿದ್ಯಾರ್ಥಿಗಳು ಗ್ರಾಮೀಣ ಕೃಷಿ ಕಾರ್ಯಾನುಭವಕ್ಕೆಂದು ಹಳ್ಳಿಯಲ್ಲಿ ಹಲವು ವಾರ ಉಳಿಯುತ್ತಾರೆ, ಊರಿನ ನಕ್ಷೆಯನ್ನು ಊರಿನವರಿಂದಲೇ ನೆಲದ ಮೇಲೆ ಬರೆಸುತ್ತಾರೆ, ಕಡೆಗೆ ವಸ್ತುಪ್ರದರ್ಶನವನ್ನು ಅದೇ ಹಳ್ಳಿಯ ಮುಂದೆ ಏರ್ಪಡಿಸುತ್ತಾರೆ. ಅದರಲ್ಲಿ ಬರೀ ರಂಗೋಲಿ ಹಾಕಿ, ಫೋಟೊ ತೆಗೆದು ಮುಗಿಸಿದವರೂ ಇದ್ದಾರೆ. ಆ ಪದ್ಧತಿಯನ್ನು ಹಾಡಿ ಹೊಗಳಬೇಕಾಗಿಲ್ಲ. ಆದರೂ ಹಿರಿಯ ಕೃಷಿಕನೊಬ್ಬ ಎದುರು ನಿಂತು 'ಈ ಲೆಕ್ಕ ನಮ್ಮ ಗದ್ದೆಗೆ ಸಲ್ಲುವುದಿಲ್ಲ ಮಗಾ' ಎಂದಾಗ ವಿದ್ಯಾರ್ಥಿ ಕಲಿಯುವುದನ್ನು ಯಾವ ಪ್ರಶ್ನಪತ್ರಿಕೆಯೂ ಕಲಿಸದು. ಪುತ್ತೂರಿನಲ್ಲಿ 1988ರಲ್ಲಿ ಹೊರಟ 'ಅಡಿಕೆ ಪತ್ರಿಕೆ' ಇನ್ನೊಂದು ಹೆಜ್ಜೆ ಮುಂದಿಟ್ಟು 'ಕೃಷಿಕರ ಕೈಗೆ ಲೇಖನಿ'ಯನ್ನೇ ಕೊಟ್ಟಿತು. ತೋಟದವರು ತಮ್ಮ ಅನುಭವವನ್ನು ತಾವೇ ಬರೆದರು. ತಪ್ಪು ಲೆಕ್ಕ ಬರೆದರೆ ಪ್ರಶ್ನೆ ಬರುವುದು ಇನ್ನೊಬ್ಬ ಬೆಳೆಗಾರನಿಂದ. ಅದಕ್ಕಿಂತ ಕಠಿಣ ಮೌಲ್ಯಮಾಪನ ವಿಶ್ವವಿದ್ಯಾಲಯದಲ್ಲಿ ಇಲ್ಲ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದು ಹಗುರವಾದುದಲ್ಲ. ಊರಿನವರಿಗೆ ಅಂಕ ಕೊಡುವ ಅಧಿಕಾರ ಕೊಟ್ಟರೆ, ಕೋರೆಯ ವಿರುದ್ಧ ಬರೆದ ಹುಡುಗಿಗೆ ಕೋರೆಯ ಮಾಲಕನ ಕಡೆಯವರು ಸೊನ್ನೆ ಹಾಕುವುದಿಲ್ಲವೇ? ಹಾಕಬಹುದು. ಊರು ಎಂದರೆ ಬಡವರು ಮಾತ್ರವಲ್ಲ, ಊರಿನ ದೊಡ್ಡವರೂ ಸೇರಿದ್ದಾರೆ. ಆದುದರಿಂದ ಊರಿನವರಲ್ಲಿ ಕೇಳಬೇಕಾದುದು ವರದಿ ಹಿಡಿಸಿತೇ ಎಂದಲ್ಲ. ವಿದ್ಯಾರ್ಥಿ ನಿಮ್ಮಲ್ಲಿಗೆ ಬಂದಿದ್ದಳೇ, ನೀವು ಹೇಳಿದ್ದನ್ನೇ ಬರೆದಿದ್ದಾಳೆಯೇ, ಹೆಸರು, ಅಳತೆ, ದಿನಾಂಕ ಸರಿಯೇ? ಇಷ್ಟನ್ನೇ ಕೇಳುವುದು. ತಮ್ಮ ವಿರುದ್ಧ ಬಂದ ವರದಿಯ ಬಗ್ಗೆಯೂ ಕೋರೆಯ ಮಾಲಕರು ಈ ಪ್ರಶ್ನೆಗಳಿಗೆ ಉತ್ತರಿಸಲಿ. ಅವರನ್ನೂ ಕೇಳಿ ಬರೆದಿದ್ದಾಳೆಯೇ ಎಂಬುದು ಅದರಿಂದ ತಿಳಿಯುತ್ತದೆ. ಅಭಿಪ್ರಾಯಕ್ಕೆ ಅಂಕವಿಲ್ಲ. ಹೆಸರು ಹೊರಬಂದರೆ ತೊಂದರೆಗೆ ಸಿಲುಕುವವರ ವಿವರ ಅಧ್ಯಾಪಕರೊಬ್ಬರಲ್ಲಿ ಮುಚ್ಚಿದ ಲಕೋಟೆಯಲ್ಲಿರಲಿ, ಕಡತದಲ್ಲಿ ಬೇಡ.

ಇಂಟರ್ನ್‌ಶಿಪ್ ಎಲ್ಲಿ ನಡೆಯಬೇಕೆಂಬುದೂ ಇದಕ್ಕೆ ಹೊಂದಿಕೊಂಡ ವಿಚಾರ. ಮಂಗಳೂರಿನ ಅಥವಾ ಬೆಂಗಳೂರಿನ ದೊಡ್ಡ ಕಚೇರಿಯ ಪ್ರಮಾಣಪತ್ರಕ್ಕೆ ಮೌಲ್ಯ ಹೆಚ್ಚು, ತಾಲೂಕಿನ ವಾರಪತ್ರಿಕೆಯದಕ್ಕೆ ಕಡಿಮೆ ಎಂಬ ಭಾವನೆ ಬಲವಾಗಿದೆ. ಸುಳ್ಯ, ಪುತ್ತೂರು, ಬೆಳ್ತಂಗಡಿಗಳಲ್ಲಿ ಮನೆಮನೆಗೆ ತಲುಪುವ 'ಸುದ್ದಿ ಬಿಡುಗಡೆ'ಯಂಥ ಪತ್ರಿಕೆಯಲ್ಲಿ ಒಂದು ಸೇತುವೆಯ ಹೆಸರು ತಪ್ಪಿದರೆ ಮರುದಿನ ಕಚೇರಿಗೆ ಫೋನು ಬರುತ್ತದೆ. ವರದಿಗಾರನು ಜನರ ಮುಂದೆ ನಿಲ್ಲಬೇಕಾದುದು ಅಲ್ಲೇ. ಸಂತ ಅಲೋಶಿಯಸ್ ಸಂಸ್ಥೆಯ 'ಸಾರಂಗ್' ಸಮುದಾಯ ಬಾನುಲಿಯು ತುಳು, ಕೊಂಕಣಿ, ಬ್ಯಾರಿ ಭಾಷೆಗಳಲ್ಲೂ ಪ್ರಸಾರ ಮಾಡುತ್ತ ಬಂದಿದೆ. ಅಂಥಲ್ಲಿ ಕೆಲಸ ಮಾಡಿದವರ ಧ್ವನಿಮುದ್ರಣವೂ ಕಡತದ ಭಾಗವಾಗಬಹುದು. ವೆಚ್ಚದ ಮಾತಂತೂ ಎಲ್ಲರಿಗೂ ಗೊತ್ತು. ಸಂಭಾವನೆಯಿಲ್ಲದ ಇಂಟರ್ನ್‌ಶಿಪ್‌ಗಾಗಿ ನಗರದಲ್ಲಿ ಬಾಡಿಗೆ ಕೊಟ್ಟು ಉಳಿಯಬೇಕೆಂದರೆ ಕೂಲಿಯವರ ಮಕ್ಕಳು ಹಿಂಜರಿಯುತ್ತಾರೆ. ತಮ್ಮ ತಾಲೂಕಿನಲ್ಲೇ ಮಾಡಿದ ಕೆಲಸಕ್ಕೆ ಸಮಾನ ಅಂಕ ಸಿಗುವುದಾದರೆ ಮನೆಯ ಊಟ ಉಂಡು, ಬಸ್ಸು ಹತ್ತಿ, ಊರಿನ ಸುದ್ದಿಯನ್ನೇ ಬರೆಯುತ್ತಾರೆ.

120 ಗಂಟೆಗಳನ್ನು ಒಂದೇ ಕಂತಿನಲ್ಲಿ ಮುಗಿಸಬೇಕೆಂಬ ಹಠವೂ ಅನಗತ್ಯ. ಮುಂಗಾರಿಗೆ ಮೊದಲು 40, ಮಳೆಯ ನಡುವೆ 40, ಅಡಿಕೆ ಕೊಯಿಲಿನ ಹೊತ್ತಿಗೆ 40 ಎಂದು ಹಂಚಿದರೆ ಒಂದೇ ಊರಿಗೆ ಮೂರು ಸಲ ಹೋದಂತಾಗುತ್ತದೆ. ಎರಡನೆಯ ಸಲ ಹೋದಾಗ ಮೊದಲ ವರದಿಯನ್ನು ಓದಿದವರು ಅಂಗಳದಲ್ಲೇ ಸಿಗುತ್ತಾರೆ.

ಉಳಿದಿರುವುದು ಬಸ್ಸಿನ ಖರ್ಚು. ಮೌಖಿಕ ಪರೀಕ್ಷೆಗೆ ಹೊರಗಿನ ಪರೀಕ್ಷಕರು ಬಂದರೆ ಪ್ರಯಾಣ ಭತ್ಯೆ ಸಲ್ಲುತ್ತದೆ. ಅದಕ್ಕೆ ನಿಯಮವಿದೆ, ನಮೂನೆಯಿದೆ. ಗುತ್ತಿಗಾರಿನಿಂದಲೋ ಶಿಶಿಲದಿಂದಲೋ ಒಂದು ದಿನದ ಕೆಲಸ ಬಿಟ್ಟು ಬರುವ ಕೃಷಿಕನಿಗೆ, ಕೂಲಿಯ ಹೆಂಗಸಿಗೆ ಅದೇ ಭತ್ಯೆ ಸಲ್ಲಬೇಕು, ದಿನದ ಕೂಲಿಯೂ ಸೇರಿ. ಅದಾಗದಿದ್ದರೆ ಪರೀಕ್ಷಕರೇ ಬೆಳಗಿನ ಬಸ್ಸಿಗೆ ಗುತ್ತಿಗಾರಿಗೆ ಹೋಗಿ, ಪಂಚಾಯತಿಯ ಕಟ್ಟೆಯ ಮೇಲೆ ಕೂತು ಮೌಖಿಕ ಪರೀಕ್ಷೆ ನಡೆಸಿ, ಸಂಜೆಯ ಬಸ್ಸಿಗೆ ಮರಳಬಹುದು. ಮುಂದಿನ ಪರೀಕ್ಷೆಯ ವೇಳಾಪಟ್ಟಿ ಸಿದ್ಧವಾಗುವ ಮೊದಲು ಕಾಲೇಜುಗಳ ಅಧ್ಯಯನ ಮಂಡಳಿಗಳಿಗೆ ಈ ಕುರಿತು ಮನವಿ ಸಲ್ಲಿಸಲು ಬಯಸುವ ಗ್ರಾಮಸ್ಥರು, ತಮ್ಮ ಊರಿನ ಬಗ್ಗೆ ವಿದ್ಯಾರ್ಥಿಗಳು ಬರೆದ ವರದಿಗಳ ಪ್ರತಿ ಇದ್ದರೆ, ತಪ್ಪುಗಳಿಗೆ ಗೆರೆ ಎಳೆದು ಜೊತೆಗೇ ಲಗತ್ತಿಸುವುದು ಒಳ್ಳೆಯದು.